ಪ್ರಶ್ನೆ ಕೇಳಿದರೆ ನಾಸ್ತಿಕಳಾಗುತ್ತೇನೆಯೇ?

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಮನೆಯಲ್ಲಿ ಯಾವುದಕ್ಕಾದರೂ ‘ಯಾಕೆ’ ಎಂದರೆ, ‘ನೀನೂ ನಾಸ್ತಿಕಳಾದೆಯಾ?’ ಎಂದು ಬೈಯುತ್ತಾರೆ. ಸ್ವತಂತ್ರವಾಗಿ ಯೋಚಿಸಬೇಕಾದರೆ ದೇವರು, ಹಿರಿಯರು ಎಲ್ಲವನ್ನೂ ಬಿಡಲೇಬೇಕೆ?
– ಒಬ್ಬ ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಒಂದೇ, ನೋಡುವ ಮೊದಲೇ ತೀರ್ಪು ಕೊಡುವ ಚಾಳಿ. ಅದು ಆಸ್ತಿಕರಲ್ಲೂ ಇದೆ, ನಾಸ್ತಿಕರಲ್ಲೂ ಇದೆ.

ನಿಮ್ಮ ತಾಲ್ಲೂಕಿನವರನ್ನೇ ನೆನೆಯುತ್ತೇನೆ. ಡಾ. ಎಚ್. ನರಸಿಂಹಯ್ಯ (ಎಚ್ಚೆನ್) ಹುಟ್ಟಿದ್ದು ಅಲ್ಲಿನ ಹೊಸೂರಿನಲ್ಲಿ, 1920ರಲ್ಲಿ, ಬಡವರ ಮನೆಯಲ್ಲಿ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪಿಎಚ್.ಡಿ. ಮುಗಿಸಿ ಬಂದ ಮೇಲೂ ಖಾದಿ ಬಿಡಲಿಲ್ಲ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನೂ ಬಿಡಲಿಲ್ಲ. ವಿಜ್ಞಾನ ಜನಸಾಮಾನ್ಯರ ಕಿವಿಗೂ ಬೀಳಲೆಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿದರು. ಸತ್ಯಸಾಯಿಬಾಬಾ ಅವರಿಗೂ ಪತ್ರ ಬರೆದು, ಸಮಿತಿಯ ಮುಂದೆ ಪವಾಡ ಮಾಡಿ ತೋರಿಸಬೇಕೆಂದು ಕೋರಿದರು. ಅದಕ್ಕೆ ಅವಕಾಶ ಸಿಗಲಿಲ್ಲ. ಬಾಬಾ ಸಣ್ಣ ಉಂಗುರದ ಬದಲು ಕುಂಬಳಕಾಯಿ ಸೃಷ್ಟಿಸಲಿ ಎಂಬ ಎಚ್ಚೆನ್ ಅವರ ಸವಾಲು ಮನೆಮಾತಾಯಿತು. ಉಂಗುರ ತೋಳಿನಲ್ಲಿ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಒಳ್ಳೆಯ ಪ್ರಯೋಗದ ಲಕ್ಷಣವೇ ಇದು: ಮೋಸಕ್ಕೆ ಎಲ್ಲಿ ಎಡೆಯಿದೆ ಎಂದು ಮೊದಲು ಹುಡುಕಿ, ಆ ಎಡೆಯನ್ನು ಮುಚ್ಚುವುದು.

ನೀವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. 1995ರ ಸೆಪ್ಟೆಂಬರ್ 21ರಂದು ದೇಶದ ಉದ್ದಗಲಕ್ಕೂ ಗಣೇಶ ಹಾಲು ಕುಡಿದನೆಂಬ ಸುದ್ದಿ ಹಬ್ಬಿತು. ಗುಡಿಗಳ ಮುಂದೆ ಜನ ಸಾಲುಗಟ್ಟಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಚಮಚ ನಿಜಕ್ಕೂ ಬರಿದಾಗುತ್ತಿತ್ತು. ಮನೆಯ ಪುಟ್ಟ ಗಣೇಶನನ್ನು ಒದ್ದೆ ಮಾಡಿ, ಚಮಚದ ತುಂಬ ಹಾಲು ತೆಗೆದುಕೊಂಡು, ಅಂಚನ್ನು ಸೊಂಡಿಲಿಗೆ ತಾಗಿಸಿ ಕೊಂಚವೇ ವಾಲಿಸಿ. ಮೇಲ್ಮೈ ಎಳೆತದಿಂದ ಹಾಲು ಸೊಂಡಿಲಿಗೆ ಅಂಟಿಕೊಳ್ಳುತ್ತದೆ, ಆಮೇಲೆ ತೆಳ್ಳಗೆ ಪದರವಾಗಿ ಹೊಟ್ಟೆಯ ಮೇಲಿಂದ ಕೆಳಗಿಳಿಯುತ್ತದೆ. ಬಿಳಿ ಅಮೃತಶಿಲೆಯ ಮೇಲೆ ಆ ಪದರ ಕಣ್ಣಿಗೆ ಬೀಳುವುದಿಲ್ಲ. ಈಗ ಹಾಲಿಗೆ ಚಿಟಿಕೆ ಕುಂಕುಮ ಬೆರೆಸಿ. ಹಾಲು ಹೋದ ದಾರಿ ಕೆಂಪಗೆ ಕಾಣುತ್ತದೆ. ಅಂದು ದೆಹಲಿಯಲ್ಲಿ ವಿಜ್ಞಾನಿಗಳು ಬಣ್ಣದ ಹಾಲಿನಿಂದ ತೋರಿಸಿದ್ದೂ ಇದನ್ನೇ. ಇಷ್ಟಾದ ಮೇಲೂ ನಿಮ್ಮ ಅಜ್ಜಿ ಅದೇ ಗಣೇಶನಿಗೆ ಗರಿಕೆ ಏರಿಸಿ ಕೈಮುಗಿಯಬಹುದು. ಈ ಪ್ರಯೋಗ ಅವರ ಭಕ್ತಿಯನ್ನು ಮುಟ್ಟಿಲ್ಲ. ಹಾಲು ಎಲ್ಲಿಗೆ ಹೋಯಿತು ಎಂಬುದಕ್ಕಷ್ಟೇ ಅದು ಉತ್ತರ ಕೊಟ್ಟಿದೆ.

ಎಚ್ಚೆನ್ ಸಮಿತಿ ರಚಿಸಿದ ವರ್ಷವೇ ಸಂವಿಧಾನಕ್ಕೆ 42ನೇ ತಿದ್ದುಪಡಿಯಾಯಿತು. ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಗುಣ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿದ್ದು ಆಗಲೇ. 51ಎ ವಿಧಿ ತೆಗೆದು ನೋಡಿ. ಆದರೆ ಅದು ತುರ್ತುಪರಿಸ್ಥಿತಿಯ ಕಾಲ, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಪ್ರಶ್ನಿಸುವುದು ಕರ್ತವ್ಯವೆಂದು ಬರೆದರೆ ಸಾಲದು, ಪ್ರಶ್ನಿಸಿದವರು ನಿರ್ಭಯವಾಗಿ ಮನೆಗೆ ಮರಳುವಂತಿರಬೇಕು. ವಚನಗಳ ಸಂಶೋಧನೆಗೆ ಬದುಕು ತೇದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರ ಮಾತು ಒಪ್ಪದವರು ಶಾಸನ, ಹಸ್ತಪ್ರತಿ ಮುಂದಿಟ್ಟು ವಾದಿಸಬಹುದಿತ್ತು. ಆ ದಾರಿ ಕೊನೆಯವರೆಗೂ ತೆರೆದಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಿರಿಯರ ವಿಷಯಕ್ಕೆ ಬರೋಣ. ‘ಯಾಕೆ’ ಎನ್ನುವುದಕ್ಕೂ ‘ನಿಮಗೇನೂ ಗೊತ್ತಿಲ್ಲ’ ಎನ್ನುವುದಕ್ಕೂ ಅಜಗಜಾಂತರ. ಅಮ್ಮ ಹೇಳಿದ್ದರಲ್ಲಿ ಅನುಭವದ ತಿರುಳಿರಬಹುದು, ಬರೀ ರೂಢಿಯೂ ಇರಬಹುದು. ಯಾವುದು ಯಾವುದೆಂದು ತಿಳಿಯಲು ಕೇಳಲೇಬೇಕು. ಹಾಗೆಯೇ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದನ್ನೂ ಪ್ರಶ್ನಿಸಿ, ಮೊಬೈಲಿಗೆ ಬಂದದ್ದನ್ನೂ ಪ್ರಶ್ನಿಸಿ, ನಾನಿಲ್ಲಿ ಬರೆದದ್ದನ್ನೂ ಪ್ರಶ್ನಿಸಿ. ನಿಮ್ಮದೇ ಅಭಿಪ್ರಾಯಕ್ಕೂ ರಿಯಾಯಿತಿ ಬೇಡ. ಈ ಭಾನುವಾರ ಚಮಚ, ಕುಂಕುಮ ಹಿಡಿದು ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಏನು ಕೇಳಿದರೆಂದು ನನಗೆ ಬರೆಯಿರಿ.