ಗಾಳಿ ತೆಗೆದ ತೊಟ್ಟೆ: ಬೆಸುಗೆ ಬಿಡುವುದೇಕೆ? ಏನನ್ನು ತುಂಬಬಾರದು?

ಬೇಸಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳ, ಒಣಮೀನು, ಗೇರುಬೀಜದ ತಿರುಳು, ಒಳ್ಳೆಮೆಣಸು ಇವೆಲ್ಲ ಆಟಿ ತಿಂಗಳು ಬರುವಷ್ಟರಲ್ಲಿ ಬೂಷ್ಟು ಹಿಡಿಯುವುದು ಕಾಸರಗೋಡು, ಮಂಜೇಶ್ವರ ಕಡೆಯ ಕೃಷಿಕ ಕುಟುಂಬಗಳಿಗೆ ಹೊಸ ಸಂಗತಿಯಲ್ಲ. ಹಿಂದಿನವರು ಇಂಥವನ್ನು ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು. ಗ್ಯಾಸ್ ಒಲೆ ಬಂದ ಮೇಲೆ ಆ ಹೊಗೆಯೂ ಇಲ್ಲ, ಹಲವು ಮನೆಗಳಲ್ಲಿ ಅಟ್ಟವೂ ಇಲ್ಲ. ಅದರ ಬದಲಿಗೆ ಈಗ ವ್ಯಾಕ್ಯೂಮ್ ಸೀಲರ್ ಎಂಬ ಪುಟ್ಟ ಯಂತ್ರ ಕೆಲವು ಅಡುಗೆಮನೆಗಳನ್ನು ಸೇರಿದೆ. ಅದನ್ನು ತಂದವರು ನಮ್ಮಲ್ಲಿ ಕೇಳುವುದು ಒಂದೇ ಪ್ರಶ್ನೆ: ಮೊದಲ ದಿನ ಕಲ್ಲಿನಂತೆ ಗಟ್ಟಿಯಾಗಿದ್ದ ತೊಟ್ಟೆ ವಾರದೊಳಗೆ ಸಡಿಲವಾಯಿತು, ಯಂತ್ರ ಹಾಳಾಯಿತೇ? ಹೆಚ್ಚಾಗಿ ಹಾಗೇನೂ ಆಗಿರುವುದಿಲ್ಲ.

ಈ ಯಂತ್ರಕ್ಕೆ ಇರುವುದು ಎರಡೇ ಕೆಲಸ. ತೊಟ್ಟೆಯ ಬಾಯಿಯಿಂದ ಗಾಳಿ ಹೀರುತ್ತದೆ, ಆಮೇಲೆ ಬಿಸಿ ಪಟ್ಟಿಯಿಂದ ಬಾಯಿಯ ಎರಡು ಪದರಗಳನ್ನು ಕರಗಿಸಿ ಬೆಸೆಯುತ್ತದೆ. ಮನೆಬಳಕೆಯ ಯಂತ್ರಗಳಿಗೆ ಒಂದು ಬದಿಯಲ್ಲಿ ಗೀರುಗಳಿರುವ ತೊಟ್ಟೆಯೇ ಬೇಕು. ಆ ಗೀರುಗಳ ಸಂದಿಯಿಂದ ಗಾಳಿ ಹೊರಗೆ ಬರುತ್ತದೆ. ಅಂಗಡಿಯ ನುಣುಪು ತೊಟ್ಟೆ ಹಾಕಿದರೆ ಎರಡು ಪದರಗಳೂ ತಟ್ಟನೆ ಅಂಟಿಕೊಂಡು ಗಾಳಿ ಒಳಗೇ ಉಳಿಯುತ್ತದೆ. ಮೇಲಾಗಿ ತೆಳು ಪಾಲಿಥೀನಿನ ಮೂಲಕ ಗಾಳಿ ಮೆಲ್ಲಮೆಲ್ಲನೆ ಒಳಗೆ ನುಸುಳುತ್ತದೆ. ನೈಲಾನ್ ಪದರ ಸೇರಿದ ತೊಟ್ಟೆ ಅದನ್ನು ತಡೆಯುತ್ತದೆ. ಇದರಲ್ಲಿ ನಾಲ್ಕು ಕಾಸು ಉಳಿಸಲು ಹೋಗಬೇಡಿರಿ.

ಬೆಸುಗೆ ಬಿಡುವುದಕ್ಕೆ ಮೊದಲ ಕಾರಣ ತೊಟ್ಟೆಯ ಬಾಯಿಗೆ ತಾಗಿದ ನೀರು, ಎಣ್ಣೆ ಅಥವಾ ಹುಡಿ. ತುಂಬುವ ಮೊದಲು ಬಾಯಿಯನ್ನು ಅಂಗಿಯ ಕಾಲರಿನಂತೆ ಹೊರಕ್ಕೆ ಮಡಚಿ, ತುಂಬಿದ ಮೇಲೆ ಬಿಡಿಸಿದರೆ ಬೆಸೆಯುವ ಜಾಗ ಶುದ್ಧವಾಗಿರುತ್ತದೆ. ಮೇಲೆ ಮೂರು ಇಂಚು ಖಾಲಿ ಬಿಡಿರಿ. ಕಂಠದವರೆಗೆ ತುಂಬಿದರೆ ಬಾಯಿ ಸುಕ್ಕಾಗುತ್ತದೆ, ಸುಕ್ಕಿನ ಸಂದಿಯೇ ಗಾಳಿಗೆ ದಾರಿ. ಎರಡು ಕೈಯಿಂದ ಎಳೆದು ನೆಟ್ಟಗೆ ಮಾಡಿ ಪಟ್ಟಿಯ ಮೇಲಿಡಿರಿ. ಅರ್ಧ ಇಂಚು ಬಿಟ್ಟು ಇನ್ನೊಂದು ಬೆಸುಗೆ ಹಾಕುವುದು ಉತ್ತಮ. ಮೆಣಸಿನ ಹುಡಿ, ಹಿಟ್ಟುಗಳನ್ನು ಮೊದಲು ಕಾಗದದ ಪೊಟ್ಟಣದಲ್ಲಿ ಕಟ್ಟಿ ತೊಟ್ಟೆಗೆ ಹಾಕಿರಿ, ಇಲ್ಲವಾದರೆ ಯಂತ್ರವೇ ಹುಡಿಯನ್ನು ಹೀರುತ್ತದೆ.

ಎರಡನೆಯ ಕಾರಣ ನಮ್ಮ ಹಳ್ಳಿಗಳ ಕರೆಂಟು. 230 ಇರಬೇಕಾದ ವೋಲ್ಟೇಜು 180ಕ್ಕೆ ಇಳಿದರೆ ಬಿಸಿ ಪಟ್ಟಿಯ ಶಕ್ತಿ ಸುಮಾರು ಶೇಕಡಾ 60ಕ್ಕೆ ಬೀಳಬಹುದು. ಬೆಸುಗೆ ನೋಡಲು ಸರಿಯಾಗಿಯೇ ಇರುತ್ತದೆ, ಬೆರಳಿನಿಂದ ಎಳೆದರೆ ಬಿಚ್ಚಿಕೊಳ್ಳುತ್ತದೆ. ಬಲ್ಬು ಮಂಕಾಗಿರುವ ಹೊತ್ತು, ಪಂಪು ಓಡುತ್ತಿರುವ ಹೊತ್ತು ಈ ಕೆಲಸ ಬೇಡ. ಯಂತ್ರದಲ್ಲಿ ಒಣ ಮತ್ತು ಹಸಿ ಎಂಬ ಎರಡು ಗುಂಡಿಗಳಿದ್ದರೆ ಹಸಿಯದನ್ನು ಒತ್ತಿರಿ. ಅದು ಹೆಚ್ಚು ಹೊತ್ತು ಬಿಸಿ ಕೊಡುತ್ತದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಬಿಡುವಿಲ್ಲದೆ ಹತ್ತಿಪ್ಪತ್ತು ತೊಟ್ಟೆ ಬೆಸೆದರೆ ಪಟ್ಟಿ ಅತಿಯಾಗಿ ಕಾದು ಪ್ಲಾಸ್ಟಿಕ್ಕನ್ನೇ ಕತ್ತರಿಸುತ್ತದೆ. ಪ್ರತಿ ತೊಟ್ಟೆಯ ನಂತರ ಒಂದು ನಿಮಿಷ ತಣಿಯಲು ಬಿಡಿರಿ. ಪಟ್ಟಿಯ ಮೇಲಿನ ಟೆಫ್ಲಾನ್ ಟೇಪು ಸುಟ್ಟು ಕಪ್ಪಾಗಿದ್ದರೆ ಬದಲಿಸಿರಿ.

ಯಂತ್ರ ಗಾಳಿಯನ್ನೇ ಎಳೆಯದಿದ್ದರೆ ಮುಚ್ಚಳದ ಸುತ್ತಲಿನ ರಬ್ಬರ್ ಗ್ಯಾಸ್ಕೆಟ್ ನೋಡಿರಿ. ಒಂದು ಅಕ್ಕಿಕಾಳು ಸಿಕ್ಕಿಕೊಂಡಿದ್ದರೂ ಸಾಕು. ತೆಗೆದು ಒರೆಸಿ, ಒಣಗಿಸಿ ಕೂರಿಸಿರಿ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಒತ್ತಿ ಲಾಕ್ ಮಾಡಿಟ್ಟರೆ ರಬ್ಬರು ಚಪ್ಪಟೆಯಾಗಿ ಬೇಗ ಕೆಡುತ್ತದೆ.

ಸಡಿಲವಾದ ತೊಟ್ಟೆಯನ್ನು ಬಕೆಟ್ ನೀರಿನಲ್ಲಿ ಅದುಮಿ ನೋಡಿರಿ. ಗುಳ್ಳೆ ಬಾಯಿಯಿಂದ ಬಂದರೆ ತಪ್ಪು ಬೆಸುಗೆಯದು; ನಡುವಿನಿಂದ ಬಂದರೆ ಒಣಮೀನಿನ ಮುಳ್ಳೋ ಬೇರೇನೋ ಚುಚ್ಚಿದೆ. ಮುಳ್ಳಿನ ಮೀನನ್ನು ಬಿಳಿ ಕಾಗದದಲ್ಲಿ ಸುತ್ತಿ ತುಂಬಿರಿ, ಪತ್ರಿಕೆಯ ಶಾಯಿ ಬೇಡ. ತೂತಿಲ್ಲದೆಯೂ ತೊಟ್ಟೆ ಉಬ್ಬಿದ್ದರೆ ಒಳಗಿನ ಪದಾರ್ಥ ಹುಳಿಯುತ್ತಿರಬಹುದು. ಅದನ್ನು ರುಚಿ ನೋಡಲೂ ಹೋಗಬೇಡಿರಿ.

ಇನ್ನು ಯಾರೂ ಕೇಳದ ಪ್ರಶ್ನೆಗೆ ಬರೋಣ. ಗಾಳಿ ತೆಗೆದ ಮಾತ್ರಕ್ಕೆ ಆಹಾರ ಕೆಡದೆ ಉಳಿಯುವುದಿಲ್ಲ. ಬೂಷ್ಟಿಗೆ, ಗುಗ್ಗುರು ಹುಳಕ್ಕೆ ಗಾಳಿ ಬೇಕು, ಅವು ತಡೆಯಲ್ಪಡುತ್ತವೆ, ನಿಜ. ಆದರೆ ಗಾಳಿಯಿಲ್ಲದ ಕಡೆಯೇ ಬೆಳೆಯುವ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ರೋಗಾಣು ಉಂಟು. ಮಣ್ಣಿನಲ್ಲಿರುವ ಇದರ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ತೇವವಿರುವ, ಹುಳಿಯಿಲ್ಲದ ಪದಾರ್ಥದಲ್ಲಿ ಅದು ವಿಷ ಉಂಟುಮಾಡುತ್ತದೆ. ವಾಸನೆಯಲ್ಲಾಗಲಿ ನೋಟದಲ್ಲಾಗಲಿ ತಿಳಿಯದೆ ಇರಬಹುದು. ಆದ್ದರಿಂದ ಬೇಯಿಸಿದ ಹಲಸು, ಕಣಿಲೆ, ಅಣಬೆ, ಸುಲಿದ ಬೆಳ್ಳುಳ್ಳಿ, ಅರೆ ಒಣಗಿದ ಮೀನು ಇವನ್ನು ಗಾಳಿ ತೆಗೆದು ಕಪಾಟಿನಲ್ಲಿ ಎಂದಿಗೂ ಇಡಬಾರದು. ಕಪಾಟಿಗೆ ಸಲ್ಲುವುದು ಪೂರ್ತಿ ಒಣಗಿದ್ದು ಮಾತ್ರ: ಒಳ್ಳೆಮೆಣಸಿನ ತೇವ ಶೇಕಡಾ 11ಕ್ಕಿಂತ ಕಡಿಮೆ ಇರಬೇಕು, ಹಪ್ಪಳ ಬಗ್ಗದೆ ಮುರಿಯಬೇಕು.

ಹಸಿ ಮೀನು, ಮಾಂಸವನ್ನು ಬೆಸೆದ ಕೂಡಲೇ ಮೈನಸ್ 18 ಡಿಗ್ರಿಯ ಫ್ರೀಜರಿಗೆ ಸೇರಿಸಿರಿ. ಈ ರೋಗಾಣುವಿನ ಒಂದು ತಳಿ ಮೀನಿನಲ್ಲಿ ಸಿಗುತ್ತದೆ, ಫ್ರಿಜ್ಜಿನ ಚಳಿಯಲ್ಲಿಯೂ ನಿಧಾನವಾಗಿ ಬೆಳೆಯಬಲ್ಲದು. ಹಾಗಾಗಿ ಮೀನಿನ ಮಂಜು ಕರಗಿಸುವಾಗ ಮೊದಲು ತೊಟ್ಟೆಯ ಬಾಯಿ ಕತ್ತರಿಸಿ, ಆಮೇಲೆ ಫ್ರಿಜ್ಜಿನಲ್ಲಿಡಿರಿ. ಕರೆಂಟು ಹೋಗಿ ಪೂರ್ತಿ ಕರಗಿ ಬೆಚ್ಚಗಾದ ತೊಟ್ಟೆಯನ್ನು ಮತ್ತೆ ಗಟ್ಟಿ ಮಾಡುವುದು ಬೇಡ, ಬಿಸಾಡಿರಿ.

ಇಂಥ ಆಹಾರ ತಿಂದವರಿಗೆ ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ದೃಷ್ಟಿ ಎರಡೆರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಆರಂಭವಾಗುತ್ತದೆ. ಜ್ವರ ಹೆಚ್ಚಾಗಿ ಇರುವುದಿಲ್ಲ. ಉಸಿರಾಟ ನಿಲ್ಲುವ ಅಪಾಯವಿರುವುದರಿಂದ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಏನು ತಿಂದದ್ದೆಂದು ವೈದ್ಯರಿಗೆ ಹೇಳಿರಿ; ಆ ತೊಟ್ಟೆ ಉಳಿದಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ.