ಹೆಚ್‌ಎಫ್‌ಕ್ಯೂ ಜೊತೆ ಏಗುವವರಿಗೆ

ಇ. ಕೋಲಿಯ ಹೆಚ್‌ಎಫ್‌ಕ್ಯೂ ಪ್ರೋಟೀನಿನ ಉದ್ದ ಬರೀ 102 ಅಮೈನೋ ಆಮ್ಲ. 1968ರಲ್ಲಿ ಅದು ಬೆಳಕಿಗೆ ಬಂದದ್ದು ಕ್ಯೂ-ಬೀಟಾ ಎಂಬ ವೈರಸ್ಸಿನ ನೆರವಿಗನಾಗಿ; ಆ ವೈರಸ್ಸಿಗೆ ತನ್ನ ಆರ್‌ಎನ್‌ಎ ನಕಲು ಮಾಡಿಕೊಳ್ಳಲು ಇದು ಬೇಕು. ಪ್ರಯೋಗಾಲಯಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮಾತುಗಳು ಇವು.

1. ಬೆಳವಣಿಗೆ ಕುಂಠಿತವಾದರೆ ಅದನ್ನೇ ಉತ್ತರವೆಂದುಕೊಳ್ಳಬೇಡಿ. ಈ ಜೀನ್ ಕೆಡಿಸಿದರೆ ಕೋಶ ನಿಧಾನವಾಗಿ ಬೆಳೆಯುತ್ತದೆ, ಉದ್ದವಾಗುತ್ತದೆ, ಅತಿನೇರಳೆ ಕಿರಣಕ್ಕೆ ಬೇಗ ಸಾಯುತ್ತದೆ. ಇಷ್ಟಕ್ಕೂ ಒಂದೇ ಕಾರಣ ಹುಡುಕುವುದು ವ್ಯರ್ಥ. ಆರು ಪ್ರತಿಗಳು ಸೇರಿ ಉಂಗುರವಾಗುವ ಈ ಪ್ರೋಟೀನಿನದು ಮದುವೆ ದಲ್ಲಾಳಿಯ ಕಸುಬು: ಒಂದು ಮುಖದಲ್ಲಿ ಸಣ್ಣ ಆರ್‌ಎನ್‌ಎಯ ಬಾಲ, ಇನ್ನೊಂದರಲ್ಲಿ ಸಂದೇಶವಾಹಕ ಆರ್‌ಎನ್‌ಎ. ಜೋಡಿ ಕೂಡಿದ ಮೇಲೆ ಕೆಲವು ಸಂದೇಶಗಳಿಗೆ ಜೀವ ಬರುತ್ತದೆ, ಕೆಲವು ಚೂರಾಗುತ್ತವೆ. ಕಬ್ಬಿಣ ಸಾಲದಾದಾಗ ಆರ್‌ವೈಹೆಚ್‌ಬಿ ಎಂಬ ಸಣ್ಣ ಆರ್‌ಎನ್‌ಎ, ಕಬ್ಬಿಣ ಬಳಸುವ ಪ್ರೋಟೀನುಗಳ ಸಂದೇಶವನ್ನು ಅಳಿಸುತ್ತದೆ. ಡಿಎಸ್‌ಆರ್‌ಎ ಎಂಬ ಇನ್ನೊಂದು ಸಣ್ಣ ಆರ್‌ಎನ್‌ಎಯದು ತದ್ವಿರುದ್ಧ, ಅದು ಒತ್ತಡ ನಿಭಾಯಿಸುವ ಆರ್‌ಪಿಒಎಸ್ ಪ್ರೋಟೀನಿನ ತಯಾರಿಕೆಯನ್ನು ಹೆಚ್ಚಿಸುತ್ತದೆ. ಹಾಗಾಗಿ ಆರ್‌ಪಿಒಎಸ್ ಇಲ್ಲದ ತಳಿಯನ್ನೂ ಪಕ್ಕದಲ್ಲೇ ಬೆಳೆಸಿ ನೋಡಿ. ಎರಡರಲ್ಲೂ ಒಂದೇ ದೋಷ ಕಂಡರೆ, ಅದು ಆರ್‌ಪಿಒಎಸ್ ಕೊರತೆಯಿಂದ ಬಂದಿರುವ ಸಾಧ್ಯತೆ ಹೆಚ್ಚು.

2. ನೆರೆಯ ಜೀನನ್ನು ಮರೆಯಬೇಡಿ. ಹೆಚ್‌ಎಫ್‌ಕ್ಯೂ ಬೆನ್ನಿಗೇ ಹೆಚ್‌ಎಫ್‌ಎಲ್‌ಎಕ್ಸ್ ಇದೆ. ಮೊದಲಿನದನ್ನು ಮುರಿದರೆ ಎರಡನೆಯದಕ್ಕೂ ಏಟು ಬೀಳಬಹುದು. 1994ರಲ್ಲಿ ವಿಂಕ್ಲರ್ ಎಂಬ ವಿಜ್ಞಾನಿಯ ತಂಡ ಎರಡು ಬಗೆಯ ತಳಿ ಕಟ್ಟಿತು: ಒಂದರಲ್ಲಿ ಪ್ರೋಟೀನೇ ಕೆಟ್ಟಿತ್ತು, ಇನ್ನೊಂದರಲ್ಲಿ ಪ್ರೋಟೀನ್ ಸರಿಯಿದ್ದು ಮುಂದಿನ ಜೀನಿಗೆ ಮಾತ್ರ ತಡೆ ಬಿದ್ದಿತ್ತು. ದೋಷಗಳು ಕಂಡದ್ದು ಮೊದಲನೆಯದರಲ್ಲಿ. ಇಂಥ ಹೋಲಿಕೆಯಿಲ್ಲದ ಪ್ರಬಂಧವನ್ನು ನಾನು ಅನುಮಾನದಿಂದಲೇ ಓದುತ್ತೇನೆ.

3. ಪ್ಲಾಸ್ಮಿಡ್‌ನಿಂದ ಕೆಡಿಸಿದ ತಳಿಗೆ ಜೀನ್ ಮರಳಿಸುವಾಗ ಪ್ರೋಟೀನಿನ ಪ್ರಮಾಣ ಮಿತಿಯಲ್ಲಿರಲಿ.

4. ನಿಕಲ್ ಕಾಲಂ ಬಳಸುವವರಿಗೆಲ್ಲ ಒಂದು ಕಿವಿಮಾತು. ಹೆಚ್‌ಎಫ್‌ಕ್ಯೂ ಬಾಲದಲ್ಲಿ ಹಿಸ್ಟಿಡಿನ್ ಇರುವುದರಿಂದ, ನೀವು ಬೇರಾವುದೋ ಪ್ರೋಟೀನ್ ಶುದ್ಧೀಕರಿಸುತ್ತಿದ್ದರೂ ಕರೆಯದೆ ಬಂದು ಅಂಟಿಕೊಳ್ಳುತ್ತದೆ. ಇದನ್ನೇ ಶುದ್ಧೀಕರಿಸುವುದಾದರೆ, ಜೊತೆಗೆ ಆರ್‌ಎನ್‌ಎಯೂ ಬಂದಿರುತ್ತದೆ. 260 ಮತ್ತು 280 ನ್ಯಾನೊಮೀಟರ್ ಎರಡರಲ್ಲೂ ಬೆಳಕಿನ ಹೀರಿಕೆ ಅಳೆಯದೆ ಬಂಧನ ಪ್ರಯೋಗಕ್ಕೆ ಇಳಿಯಬೇಡಿ.

5. ಇ. ಕೋಲಿಯ ಪಾಠವನ್ನು ಎಲ್ಲ ಬ್ಯಾಕ್ಟೀರಿಯಾಗಳಿಗೂ ಹೊರಿಸಬೇಡಿ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲೂ ಹೆಚ್‌ಎಫ್‌ಕ್ಯೂ ಇದೆ. ಅಲ್ಲಿ ಅದನ್ನು ತೆಗೆದುಹಾಕಿದರೂ ಸಾಮಾನ್ಯ ಮಾಧ್ಯಮದಲ್ಲಿ ಬೆಳವಣಿಗೆ ಹೆಚ್ಚೇನೂ ಬದಲಾಗುವುದಿಲ್ಲ.