ಹಚ್ಚೆ ಅಳಿಸುವ ಲೇಸರ್: ವೈದ್ಯರು ಮೊದಲು, ಯಂತ್ರ ಕೊನೆಗೆ

ಸೇನಾ ಭರ್ತಿ ರ‍್ಯಾಲಿಗೆ ಎರಡು ತಿಂಗಳಿದೆ ಎನ್ನುವಾಗ ತೋಳಿನ ಮೇಲಿನ ಹಚ್ಚೆ ತೆಗೆಸಿಕೊಳ್ಳಲು ಹುಡುಗರು ಟ್ಯಾಟೂ ಸ್ಟುಡಿಯೊಗೆ ಓಡಿ ಬರುತ್ತಾರೆ. ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿ ಬಿಟ್ಟು ಮೈಮೇಲೆ ಬೇರೆಲ್ಲಿ ಶಾಶ್ವತ ಹಚ್ಚೆ ಇದ್ದರೂ ಸೇನೆಯ ನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬುಡಕಟ್ಟು ಸಮುದಾಯದವರಿಗೆ ಮಾತ್ರ ವಿನಾಯಿತಿ ಇದೆ. ಅದೇ ಬಾಗಿಲಿಗೆ, ಕೆಲವು ವರ್ಷದ ಹಿಂದೆ ಹುಬ್ಬಿಗೆ ಬಣ್ಣ ತುಂಬಿಸಿಕೊಂಡ ಮಹಿಳೆಯೂ ಬರುತ್ತಾರೆ. ಅಂದು ಕಂದು ಬಣ್ಣದಲ್ಲಿದ್ದ ಹುಬ್ಬು ಈಗ ಇಟ್ಟಿಗೆಯಂತೆ ಕೆಂಪಾಗಿದೆ. ಇಬ್ಬರನ್ನೂ ವಾಪಸ್ ಕಳಿಸಲು ಮನಸ್ಸಾಗದ ಮಾಲೀಕರು ಆ ರಾತ್ರಿಯೇ ಫೋನಿನಲ್ಲಿ ಲೇಸರ್ ಯಂತ್ರದ ಬೆಲೆ ಹುಡುಕುತ್ತಾರೆ. ಈ ಲೇಖನ ಅವರಿಗಾಗಿ. ಯಂತ್ರದ ಖರೀದಿ ಈ ದಾರಿಯ ಕೊನೆಯ ಹೆಜ್ಜೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬಹಳಷ್ಟಿದೆ.

ಮೊದಲ ಹೆಜ್ಜೆ: ಚರ್ಮವೈದ್ಯರನ್ನು ಹುಡುಕಿ

ಹಚ್ಚೆ ಹಾಕುವುದು ಕಲೆ. ಅಳಿಸುವುದು ಚಿಕಿತ್ಸೆ. ಸೂಜಿ ಹಿಡಿದು ಹದಿನೈದು ವರ್ಷ ಪಳಗಿದ ಕೈಯಾದರೂ ಮಚ್ಚೆ ಯಾವುದು, ಚರ್ಮದ ಕ್ಯಾನ್ಸರಿನ ಮೊದಲ ಗುರುತು ಯಾವುದು ಎಂದು ಹೇಳುವ ತರಬೇತಿ ಅದಕ್ಕಿಲ್ಲ. ಹಚ್ಚೆಯೊಳಗೆ ಮಚ್ಚೆಯಿದ್ದರೆ ಅದರ ಮೇಲೆ ಲೇಸರ್ ಬಿಡಬಾರದು. ಆದ್ದರಿಂದ ನಿಮ್ಮ ಊರಿನ ಅರ್ಹ ಚರ್ಮವೈದ್ಯರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಅವರು ವಾರಕ್ಕೆ ಎರಡು ದಿನ ಬಂದು ಪರೀಕ್ಷಿಸಿ, ಲೇಸರನ್ನು ಅವರೇ ಬಿಡಲಿ. ಸಮಾಲೋಚನೆ, ಫೋಟೊ, ದಾಖಲೆ, ಆರೈಕೆಯ ವಿವರಣೆ, ಬಣ್ಣ ತಿಳಿಯಾದ ಮೇಲಿನ ಕವರ್‌ಅಪ್ ನಿಮ್ಮ ಪಾಲಿಗೆ ಇರಲಿ.

ವೈದ್ಯರು ಸಿಗದ ಊರಾದರೆ ಯಂತ್ರದ ಆಸೆ ಬಿಟ್ಟು, ಹತ್ತಿರದ ನಗರದ ಚರ್ಮರೋಗ ಕ್ಲಿನಿಕ್‌ಗೆ ಗ್ರಾಹಕರನ್ನು ಕಳಿಸುವ ಏರ್ಪಾಡು ಮಾಡಿಕೊಳ್ಳಿ. ಇದರಲ್ಲಿ ವ್ಯಾಪಾರ ನಷ್ಟವಿಲ್ಲ, ಕವರ್‌ಅಪ್‌ಗೆ ಅವರು ಮರಳಿ ನಿಮ್ಮಲ್ಲಿಗೇ ಬರುತ್ತಾರೆ.

ಚಿಕಿತ್ಸೆ ಶುರುವಾದೊಡನೆ ಜಾಗ ಬರೀ ಸ್ಟುಡಿಯೊ ಆಗಿ ಉಳಿಯುವುದಿಲ್ಲ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯ ಪ್ರಶ್ನೆ ಬರುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೂ ಜೊತೆಗೇ ಬರುತ್ತವೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಎರಡನೆಯ ಹೆಜ್ಜೆ: ಬೆಳಕಿನ ಲೆಕ್ಕ ತಿಳಿಯಿರಿ

ಗ್ರಾಹಕರಿಗೆ ಸರಿಯಾಗಿ ವಿವರಿಸಬೇಕಾದರೆ ನಿಮಗೆ ಇದು ಗೊತ್ತಿರಲೇಬೇಕು. ಬಣ್ಣವಿರುವ ಕಣ ಮಾತ್ರ ಬೆಳಕನ್ನು ಹೀರಿ ಒಡೆಯಬೇಕು, ಸುತ್ತಲಿನ ಚರ್ಮ ಸುಡಬಾರದು. ಅಮೆರಿಕದ ವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಮಂಡಿಸಿದ ತತ್ವವಿದು. ಇದಕ್ಕೆ ಬೆಳಕಿನ ಪೆಟ್ಟು ಅತಿ ಚಿಕ್ಕದಾಗಿರಬೇಕು. ಕ್ಯೂ-ಸ್ವಿಚ್ಡ್ ಲೇಸರ್‌ನ ಪೆಟ್ಟು ಕೆಲವೇ ನ್ಯಾನೊಸೆಕೆಂಡಿನದು, ಒಂದು ನ್ಯಾನೊಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಪಿಕೊ ಲೇಸರ್ ಇನ್ನೂ ಚುರುಕು. ಪುಡಿಯಾದ ಇಂಕನ್ನು ದೇಹದ ರಕ್ಷಕ ಕಣಗಳು ನುಂಗಿ ನಿಧಾನವಾಗಿ ಸಾಗಿಸುತ್ತವೆ. ಆ ಸಾಗಣೆಗೆ ವಾರಗಳು ಬೇಕು. ಲೇಸರನ್ನು ಮೇಲಿಂದ ಮೇಲೆ ಬಿಟ್ಟರೆ ಬಣ್ಣ ಬೇಗ ಹೋಗುವುದಿಲ್ಲ, ಗಾಯ ಮಾತ್ರ ಬೇಗ ಆಗುತ್ತದೆ.

ಕಪ್ಪು, ಕಡುನೀಲಿ ಇಂಕಿಗೆ 1064 ನ್ಯಾನೊಮೀಟರ್ ಅಲೆಯ ಎನ್‌ಡಿ-ಯಾಗ್ ಲೇಸರ್, ಕೆಂಪು, ಕಿತ್ತಳೆ ಬಣ್ಣಕ್ಕೆ ಅದೇ ಯಂತ್ರದ 532. ಹಸಿರು, ತಿಳಿನೀಲಿ ಇವೆರಡಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಅವಕ್ಕೆ 755ರ ಅಲೆಕ್ಸಾಂಡ್ರೈಟ್ ಅಥವಾ 694ರ ರೂಬಿ ಬೇಕು. ನಮ್ಮ ಮೈಬಣ್ಣವನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಫಿಟ್ಸ್‌ಪ್ಯಾಟ್ರಿಕ್ ಅಳತೆಯ ಆರು ದರ್ಜೆಗಳಲ್ಲಿ ನಾವು ಹೆಚ್ಚಿನವರು ನಾಲ್ಕು, ಐದರಲ್ಲಿದ್ದೇವೆ. ಇಂಥ ಚರ್ಮದ ಸಹಜ ಬಣ್ಣವಾದ ಮೆಲನಿನ್ ಕೂಡ 532ನ್ನು ಚೆನ್ನಾಗಿ ಹೀರುತ್ತದೆ. ಹಚ್ಚೆ ಹೋದ ಜಾಗದಲ್ಲಿ ಬಿಳಿ ಮಚ್ಚೆಯೋ ಕಪ್ಪು ಕಲೆಯೋ ಉಳಿಯುವ ಅಪಾಯ ಇರುವುದು ಇಲ್ಲೇ. 1064 ಆಳಕ್ಕೆ ಇಳಿಯುತ್ತದೆ, ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ನಮ್ಮ ಚರ್ಮಕ್ಕೆ ಅದು ಹೆಚ್ಚು ಸುರಕ್ಷಿತ. ಹಳ್ಳಿಯಲ್ಲಿ ಅಜ್ಜಿಯರು ಹಾಕಿಸಿಕೊಂಡ ಮಸಿಯ ಹಚ್ಚೆ ಸಾಮಾನ್ಯವಾಗಿ ನಗರದ ಬಣ್ಣಬಣ್ಣದ ಟ್ಯಾಟೂಗಿಂತ ಬೇಗ ಮಾಸುವುದೂ ಇದಕ್ಕೇ: ಅದರಲ್ಲಿ ಇರುವುದು ಇಂಗಾಲವೊಂದೇ, ಅದೂ ಕಡಿಮೆ.

ಮೂರನೆಯ ಹೆಜ್ಜೆ: ಹುಬ್ಬು, ತುಟಿಯ ಬಣ್ಣವನ್ನು ಬೇರೆಯಾಗಿ ನೋಡಿ

ಪರ್ಮನೆಂಟ್ ಮೇಕಪ್ ಮಾಡುವವರು ಈ ಭಾಗವನ್ನು ಎರಡು ಸಲ ಓದಬೇಕೆಂದು ನನ್ನ ಕೋರಿಕೆ. ತುಟಿಯ ಗುಲಾಬಿ, ಚರ್ಮದ ಬಣ್ಣದ ಕನ್ಸೀಲರ್, ಬಿಳಿ ಗೆರೆ, ಹುಬ್ಬಿನ ತಿಳಿಗಂದು, ಇವುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಕಬ್ಬಿಣದ ಆಕ್ಸೈಡ್ ಇರುವುದು ಸಾಮಾನ್ಯ. ಲೇಸರ್ ಪೆಟ್ಟಿಗೆ ಇವು ಒಡೆಯುವ ಬದಲು ರಾಸಾಯನಿಕವಾಗಿ ಬದಲಾಗಿ ಕ್ಷಣದಲ್ಲೇ ಬೂದಿ ಬಣ್ಣಕ್ಕೋ ಕಡುಗಪ್ಪಿಗೋ ತಿರುಗಬಲ್ಲವು. ಗುಲಾಬಿ ತುಟಿ ತಿಳಿಯಾಗಲಿ ಎಂದು ಬಂದವರು ಕಪ್ಪು ತುಟಿ ಹೊತ್ತು ಮನೆಗೆ ಹೋಗುವ ಸ್ಥಿತಿ ಅದು. ಆ ಕಪ್ಪನ್ನು ತೆಗೆಯಲು ಮತ್ತೆ ಹಲವು ಸಿಟ್ಟಿಂಗ್ ಬೇಕಾಗಬಹುದು, ಪೂರ್ತಿ ಹೋಗದೆಯೂ ಇರಬಹುದು.

ಇದನ್ನು ತಡೆಯುವ ದಾರಿ ಪ್ಯಾಚ್ ಟೆಸ್ಟ್. ಹುಬ್ಬಿನ ಬಾಲದಂಥ ಕಣ್ಣಿಗೆ ಬೀಳದ ಜಾಗದಲ್ಲಿ ಒಂದೆರಡು ಪೆಟ್ಟು ಮಾತ್ರ ಬಿಟ್ಟು, ನಾಲ್ಕರಿಂದ ಎಂಟು ವಾರ ಕಾಯಬೇಕು. ಗ್ರಾಹಕರು ಅವಸರಪಡಿಸುತ್ತಾರೆ, ಮದುವೆ ಹತ್ತಿರ ಬಂತೆನ್ನುತ್ತಾರೆ. ಬಗ್ಗಬೇಡಿ. ಮೊದಲು ಬಣ್ಣ ತುಂಬಿದವರು ಯಾರೆಂದು ತಿಳಿದರೆ ಯಾವ ಪಿಗ್ಮೆಂಟ್ ಬಳಸಿದ್ದರೆಂದು ಕೇಳಿ ಬರೆದಿಟ್ಟುಕೊಳ್ಳಿ. ಬೂದು ಹುಬ್ಬಿನ ಕಪ್ಪು ಅಂಶ ಹೋದ ಮೇಲೆ ಅಡಿಯಲ್ಲಿದ್ದ ಕೆಂಪು, ಹಳದಿ ಎದ್ದು ಕಾಣಬಹುದೆಂದೂ, ಹುಬ್ಬಿನ ಕೂದಲು ಕೆಲಕಾಲ ಬೆಳ್ಳಗಾಗಬಹುದೆಂದೂ ಮುಂಚೆಯೇ ಹೇಳಿ. ಹೇಳದೇ ನಡೆದದ್ದು ಗ್ರಾಹಕರ ಕಣ್ಣಿಗೆ ತಪ್ಪಾಗಿಯೇ ಕಾಣುತ್ತದೆ.

ಪೂರ್ತಿ ಅಳಿಸಬೇಕೆಂಬ ಹಟವೂ ಎಲ್ಲರಿಗೂ ಬೇಕಿಲ್ಲ. ಹೊಸ ವಿನ್ಯಾಸ ಮೇಲೆ ಕೂರುವಷ್ಟು ಬಣ್ಣ ತಿಳಿಯಾದರೆ ಅನೇಕರಿಗೆ ಸಾಕು. ಸ್ಟುಡಿಯೊಗೆ ನಿಜವಾಗಿ ಹೊಂದುವ ಕೆಲಸ ಇದೇ ಎಂದು ನನಗನಿಸುತ್ತದೆ.

ನಾಲ್ಕನೆಯ ಹೆಜ್ಜೆ: ಯಾರಿಗೆ ಬೇಡ ಎನ್ನಬೇಕು

ಗರ್ಭಿಣಿಯರು, ಆ ಜಾಗದಲ್ಲಿ ಸೋಂಕು ಇರುವವರು, ಕೀಲಾಯ್ಡ್ ಗಂಟು ಬೆಳೆಯುವ ಮೈಯವರು, ಬಿಸಿಲಿನಲ್ಲಿ ಈಗಷ್ಟೇ ಕಪ್ಪಾದವರು, ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿರುವವರು, ಇವರ ವಿಷಯ ವೈದ್ಯರೇ ತೀರ್ಮಾನಿಸಲಿ. ಸಂಧಿವಾತಕ್ಕೆ ಎಂದಾದರೂ ಚಿನ್ನದ ಇಂಜೆಕ್ಷನ್ ತೆಗೆದುಕೊಂಡವರ ಚರ್ಮ ಈ ಲೇಸರ್‌ಗೆ ನೀಲಿ-ಬೂದಾಗುತ್ತದೆ. ಕೆಂಪು ಇಂಕಿನ ಜಾಗ ಉಬ್ಬಿ ತುರಿಸುತ್ತಿದ್ದರೆ ಅದು ಅಲರ್ಜಿ. ಅಲ್ಲಿ ಲೇಸರ್ ಬಿಟ್ಟರೆ ಒಡೆದ ಇಂಕು ಮೈಯೆಲ್ಲ ಹರಡಿ ತೀವ್ರ ಪ್ರತಿಕ್ರಿಯೆ ಆಗಬಹುದು. ಮೊದಲ ಭೇಟಿಯ ಪ್ರಶ್ನಾವಳಿ ಮತ್ತು ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿಯೇ ಸಹಿ ಪಡೆಯಿರಿ.

ಐದನೆಯ ಹೆಜ್ಜೆ: ಕೋಣೆ, ಕನ್ನಡಕ, ಹೊಗೆ

ಇದು ನಾಲ್ಕನೇ ದರ್ಜೆಯ ಲೇಸರ್. ಗೋಡೆಗೆ ಬಡಿದು ಚಿಮ್ಮಿದ ಕಿರಣವೂ ಕಣ್ಣಿಗೆ ಅಪಾಯ. 1064 ಕಣ್ಣಿಗೇ ಕಾಣದ ಬೆಳಕು, ಅದು ತಗುಲಿದ್ದು ರೆಟಿನಾ ಸುಟ್ಟ ಮೇಲೆ ಗೊತ್ತಾಗುತ್ತದೆ. ಕೋಣೆಯಲ್ಲಿ ಕನ್ನಡಿ ಬೇಡ. ಸ್ಟುಡಿಯೊದವರಿಗೆ ಇದು ಕಷ್ಟ, ಆದರೂ ತೆಗೆಯಿರಿ. ಕಿಟಕಿ ಮುಚ್ಚಿರಲಿ, ಬಾಗಿಲ ಮೇಲೆ ಎಚ್ಚರಿಕೆ ಫಲಕವಿರಲಿ, ಒಳಗಿರುವ ಪ್ರತಿಯೊಬ್ಬರೂ ಆ ಅಲೆಯ ಅಂಕಿ ಮುದ್ರಿಸಿದ ಸುರಕ್ಷಾ ಕನ್ನಡಕ ಹಾಕಿರಲಿ. ಬೇರೆ ಅಲೆಯ ಕನ್ನಡಕ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಹುಬ್ಬು, ಕಣ್ಣಂಚಿನ ಕೆಲಸಕ್ಕೆ ಗ್ರಾಹಕರ ಕಣ್ಣಿನೊಳಗೆ ಲೋಹದ ಕವಚ ಇಡಬೇಕಾಗುತ್ತದೆ, ಅದನ್ನು ಇಡುವುದು ವೈದ್ಯರ ಕೆಲಸ. ಏಳುವ ಹೊಗೆ, ಚಿಮ್ಮುವ ಕಣ ಹೀರುವ ಯಂತ್ರ ಮತ್ತು ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಲಿ.

ಈಗ ಯಂತ್ರ

ಇನ್ನು ಕೊಳ್ಳಬಹುದು. ಕೂದಲು ತೆಗೆಯುವ ಡಯೋಡ್ ಅಥವಾ ಐಪಿಎಲ್ ಯಂತ್ರದಿಂದ ಹಚ್ಚೆ ತೆಗೆಯಲು ಹೋಗಬೇಡಿ. ಅವುಗಳ ಪೆಟ್ಟು ಉದ್ದ, ಚರ್ಮ ಸುಡುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪೆಟ್ಟಿಗೆಗಳ ಪರದೆಯ ಮೇಲಿನ ಅಂಕಿಗೂ ಹೊರಬರುವ ಶಕ್ತಿಗೂ ಹೊಂದಿಕೆಯೇ ಇಲ್ಲದಿರಬಹುದು. 2017ರ ವೈದ್ಯಕೀಯ ಸಾಧನ ನಿಯಮಗಳಡಿ ಪಡೆದ ಪರವಾನಗಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ. ಶಕ್ತಿಯನ್ನು ಅಳೆದು ಸರಿಪಡಿಸಿದ ಪ್ರಮಾಣಪತ್ರ, ನಿಮ್ಮೂರಿಗೆ ಸರ್ವೀಸ್ ಎಂಜಿನಿಯರ್ ಎಷ್ಟು ದಿನದಲ್ಲಿ ಬರುತ್ತಾರೆ, ಫ್ಲ್ಯಾಶ್ ಲ್ಯಾಂಪ್ ಎಷ್ಟು ಪೆಟ್ಟಿಗೆ ಬಾಳುತ್ತದೆ ಎಂಬುದೆಲ್ಲ ಬರಹದಲ್ಲಿರಲಿ. ವೋಲ್ಟೇಜ್ ಏರಿಳಿತವಿರುವ ಊರಿನಲ್ಲಿ ಸ್ಟೆಬಿಲೈಸರ್ ತಪ್ಪಿಸಬೇಡಿ.

ಲೇಸರ್ ತಗುಲಿದೊಡನೆ ಚರ್ಮದ ಮೇಲೆ ಬಿಳಿ ನೊರೆಯಂಥ ಪದರ ಏಳುತ್ತದೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅದು ಸಹಜ. ರಕ್ತ ಚುಕ್ಕೆಚುಕ್ಕೆಯಾಗಿ ಬಂದರೆ ಶಕ್ತಿ ಹೆಚ್ಚಾಗಿದೆ. ಮುಂದಿನ ದಿನಗಳಲ್ಲಿ ಗುಳ್ಳೆ ಏಳಬಹುದು, ಒಡೆಯಬಾರದು. ವೈದ್ಯರು ಹೇಳಿದ ಮುಲಾಮು, ಅಂಟದ ಬ್ಯಾಂಡೇಜು ಸಾಕು, ಅರಿಶಿನ, ಸುಣ್ಣ, ಟೂತ್‌ಪೇಸ್ಟ್ ಯಾವುದೂ ಬೇಡ. ವಾಸಿಯಾದ ಮೇಲೆ ಬಿಸಿಲಿಗೆ ಬಟ್ಟೆ ಇಲ್ಲವೇ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಮೂರನೇ ದಿನ ನೀವೇ ಫೋನ್ ಮಾಡಿ ಫೋಟೊ ತರಿಸಿಕೊಳ್ಳಿ.

ದರ ಹೇಗೆ? ಹತ್ತು ಸಿಟ್ಟಿಂಗ್‌ಗೆ ಮುಂಗಡ ಪ್ಯಾಕೇಜ್ ಮಾರಬೇಡಿ. ಚರ್ಮದ ಬಣ್ಣ, ಹಚ್ಚೆಯ ಜಾಗ, ಇಂಕಿನ ಪ್ರಮಾಣ, ಪದರ, ಗಾಯದ ಕಲೆ, ಬಣ್ಣಗಳ ಸಂಖ್ಯೆ, ಈ ಆರಕ್ಕೂ ಅಂಕ ಕೊಟ್ಟು ಸಿಟ್ಟಿಂಗ್ ಅಂದಾಜಿಸುವ ಕರ್ಬಿ-ದೇಸಾಯಿ ಅಳತೆಯನ್ನು ವೈದ್ಯರು ಬಳಸುತ್ತಾರೆ. ಅದರ ಅಂದಾಜನ್ನೂ ದರವನ್ನೂ ಬರೆದುಕೊಟ್ಟು, ಸಿಟ್ಟಿಂಗ್ ಲೆಕ್ಕದಲ್ಲೇ ಹಣ ಪಡೆಯಿರಿ. ಜಿಎಸ್‌ಟಿ ಬಗ್ಗೆ ಆಡಿಟರ್ ಬಳಿ ಮೊದಲೇ ಮಾತಾಡಿ.

ಭರ್ತಿಗೆ ಹೊರಟ ಹುಡುಗನಿಗೂ ಇದೇ ಲೆಕ್ಕ ತೋರಿಸಿ. ಎಂಟು ಸಿಟ್ಟಿಂಗ್, ನಡುವೆ ಎಂಟೆಂಟು ವಾರ ಎಂದರೆ 56 ವಾರ. ಎರಡು ತಿಂಗಳಲ್ಲಿ ಆಗುವುದಿಲ್ಲ ಎಂದು ಅವನ ಮುಖ ನೋಡಿಯೇ ಹೇಳಿ, ಮುಂದಿನ ವರ್ಷದ ರ‍್ಯಾಲಿಗೆ ಇಂದೇ ಪ್ಯಾಚ್ ಟೆಸ್ಟಿನ ದಿನ ಗೊತ್ತು ಮಾಡಿ ಕಳಿಸಿ.